ಮಾಜಿ ದಂಡಗಾರನ ಸಾಕ್ಷ್ಯ: ‘ಸ್ಯಾವೇಜ್ ನೈಟ್’ ಕಾದಂಬರಿಯ ಐತಿಹಾಸಿಕ ವಿವೇಚನೆ

೧

ಕಾದಂಬರಿಯನ್ನು ಇತಿಹಾಸದ ಆಕರವೆಂದು ಎಷ್ಟರಮಟ್ಟಿಗೆ ಅಂಗೀಕರಿಸಬಹುದೆಂಬ ಪ್ರಶ್ನೆ ಹೊಸದೇನಲ್ಲ. ಡಿಕನ್ಸನ ಕೃತಿಗಳಿಂದ ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಬಡತನವನ್ನೂ, ಬಾಲ್ಜಾಕನ ಕೃತಿಗಳಿಂದ ಫ್ರಾನ್ಸಿನ ಹಣವಂತ ವರ್ಗದ ಏಳಿಗೆಯನ್ನೂ ತಿಳಿಯಬಹುದೆಂದರೆ ಯಾವ ಅಧ್ಯಾಪಕನೂ ಈಗ ಆಕ್ಷೇಪಿಸಲಾರನು. ಆದರೆ ಇಪ್ಪತ್ತೈದು ಸೆಂಟಿನ ಬೆಲೆಗೆ ಮಾರಾಟವಾದ, ರಟ್ಟಿನ ಮೇಲೆ ಭಡಕಿನ ಚಿತ್ರವಿದ್ದ ಒಂದು ಪಾತಕ ಕಾದಂಬರಿಯನ್ನು ಅದೇ ಸಾಲಿನಲ್ಲಿ ಇರಿಸಿದರೆ, ಕೇಳಿದವರು ಒಂದು ಕ್ಷಣ ಸುಮ್ಮನಾಗುವುದು ಸಹಜ. ಅಂಥ ಒಂದು ಕಾದಂಬರಿಯನ್ನು ಎತ್ತಿಕೊಂಡು, ಇತಿಹಾಸದ ವಿದ್ಯಾರ್ಥಿಗೆ ಅದರಿಂದ ಏನು ಸಿಕ್ಕಬಲ್ಲದು, ಏನು ಸಿಕ್ಕಲಾರದು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಇಲ್ಲಿ ಆರಿಸಿಕೊಂಡಿರುವ ಕೃತಿ ಅಮೆರಿಕದ ಲೇಖಕ ಜಿಮ್ ಥಾಂಪ್ಸನ್ನನ ‘ಸ್ಯಾವೇಜ್ ನೈಟ್’. ‘ಘೋರ ರಾತ್ರಿ’ ಎಂದು ಇದನ್ನು ಕನ್ನಡಿಸಬಹುದು. ೧೯೫೩ರಲ್ಲಿ ಲಯನ್ ಬುಕ್ಸ್ ಎಂಬ ಅಗ್ಗದ ಪುಸ್ತಕಗಳ ಸಂಸ್ಥೆ ಇದನ್ನು ಪ್ರಕಟಿಸಿತು. ಪಾತಕಕೂಟವೊಂದರ ಸೇವೆಯಲ್ಲಿದ್ದು, ಅದನ್ನು ಬಿಟ್ಟು ದೂರ ಹೋಗಿ, ಮತ್ತೆ ಅದೇ ಕೂಟದ ಕರೆಗೆ ಓಗೊಡಬೇಕಾಗಿ ಬಂದ ಒಬ್ಬ ಕೊಲೆಗಾರನ ಕಥೆ ಇದು. ಕಥೆಯನ್ನು ಹೇಳುವವನೂ ಅವನೇ.

ಇಲ್ಲಿ ಒಂದು ಪರಿಭಾಷೆಯನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಜೂಜು, ಕಳ್ಳಸಾರಾಯಿ, ಬಡ್ಡಿವ್ಯವಹಾರ, ಕಾರ್ಮಿಕ ಸಂಘಗಳ ಸುಲಿಗೆ ಮೊದಲಾದವನ್ನು ವ್ಯಾಪಾರವಾಗಿ ನಡೆಸುವ ಕೂಟಕ್ಕೆ ನ್ಯಾಯಾಲಯದ ರಕ್ಷಣೆಯಿಲ್ಲ. ಸಾಲ ಹಿಂತಿರುಗಿಸದವನ ಮೇಲೆ ಅದು ದಾವೆ ಹೂಡಲಾರದು. ಮಾತಿಗೆ ತಪ್ಪಿದ ಪಾಲುದಾರನನ್ನು ಕಟಕಟೆಗೆ ಎಳೆಯಲಾರದು. ಆದಕಾರಣ ಕರಾರುಗಳನ್ನು ಜಾರಿಗೊಳಿಸಲು ಅದು ತನ್ನದೇ ಆದ ದಂಡಶಕ್ತಿಯನ್ನು ಇಟ್ಟುಕೊಳ್ಳಬೇಕಾಗುತ್ತದೆ. ಹೆದರಿಸುವುದು, ಹೊಡೆಯುವುದು, ಕೊನೆಗೆ ಕೊಲ್ಲುವುದು — ಇವನ್ನು ಸಂಬಳಕ್ಕಾಗಿ ಮಾಡುವ ಆಳನ್ನು ಈ ಲೇಖನದಲ್ಲಿ ‘ದಂಡಗಾರ’ ಎಂದು ಕರೆಯಲಾಗಿದೆ. ಅವನು ಕೂಟದ ಒಡೆಯನಲ್ಲ. ಲಾಭದ ದೊಡ್ಡ ಪಾಲು ಅವನಿಗೆ ಸೇರುವುದಿಲ್ಲ. ಆದರೆ ಅವನಿಲ್ಲದೆ ಕೂಟದ ವ್ಯಾಪಾರ ಒಂದು ದಿನವೂ ನಡೆಯದು.

ಇಂಥವನೊಬ್ಬನು ‘ಮಾಜಿ’ ಆಗಬಲ್ಲನೆ? ಕಾದಂಬರಿಯ ಮೂಲಪ್ರಶ್ನೆ ಇದು. ಇತಿಹಾಸಕಾರನಿಗೂ ಇದೇ ಮುಖ್ಯವಾದುದು.

೨

ಮೊದಲು ಕಥೆಯ ಸಾರಾಂಶ. ಚಾರ್ಲಿ ಬಿಗ್ಗರ್ ಎಂಬುವನು ಹಿಂದೆ ಹೆಸರಾಂತ ಕೂಲಿಕೊಲೆಗಾರನಾಗಿದ್ದವನು. ಆಳು ಕುಳ್ಳ, ‘ಲಿಟ್ಲ್’, ಎಂದರೆ ಪುಟ್ಟ, ಎಂಬುದು ಅವನ ಹೆಸರಿಗೆ ಅಂಟಿಕೊಂಡ ವಿಶೇಷಣ. ಎತ್ತರ ಕಾಣಿಸುವ ಪಾದರಕ್ಷೆ, ಕಣ್ಣಿನೊಳಗೆ ಇಡುವ ಮಸೂರ, ಕಟ್ಟಿಸಿಕೊಂಡ ಹಲ್ಲು — ಹೀಗೆ ಅವನ ಶರೀರದ ಅರ್ಧಭಾಗ ಕೃತಕ. ಉಳಿದ ಅರ್ಧವನ್ನು ಶ್ವಾಸಕೋಶದ ಕಾಯಿಲೆ ತಿನ್ನುತ್ತಿದೆ. ಕೆಮ್ಮಿದರೆ ರಕ್ತ ಬೀಳುತ್ತದೆ. ಕೂಟದ ಕಣ್ಣಿಗೆ ಬೀಳದೆ ಕೆಲವು ಕಾಲ ಅರಿಜೋನಾದಲ್ಲಿ ಅಡಗಿದ್ದವನನ್ನು ನ್ಯೂಯಾರ್ಕಿನ ಒಡೆಯನು ಪತ್ತೆ ಹಚ್ಚಿ ಕರೆಸುತ್ತಾನೆ. ಈ ಒಡೆಯನಿಗೆ ಕಾದಂಬರಿಯಲ್ಲಿ ‘ಆ ಮನುಷ್ಯ’ ಎಂಬುದಕ್ಕಿಂತ ಹೆಚ್ಚಿನ ಹೆಸರು ಬಳಕೆಯಲ್ಲಿಲ್ಲ.

ಬಿಗ್ಗರನಿಗೆ ಒಪ್ಪಿಸಿದ ಕೆಲಸ ಇಷ್ಟು: ಪಿಯರ್‌ಡೇಲ್ ಎಂಬ ಸಣ್ಣ ಊರಿಗೆ ಹೋಗಿ ಅಲ್ಲಿರುವ ಜೇಕ್ ವಿನ್‌ರಾಯ್ ಎಂಬುವನನ್ನು ಕೊಲ್ಲಬೇಕು. ವಿನ್‌ರಾಯನೂ ಹಿಂದೆ ಇದೇ ಕೂಟದ ಆಳು. ಕುದುರೆ ಜೂಜಿನ ವ್ಯವಹಾರದಲ್ಲಿ ಅಧಿಕಾರಿಗಳಿಗೆ ಲಂಚ ಹಂಚುತ್ತಿದ್ದವನು. ಈಗ ಸರ್ಕಾರದ ಪರವಾಗಿ ಸಾಕ್ಷ್ಯ ನುಡಿಯಲು ಒಪ್ಪಿ, ವಿಚಾರಣೆಯ ದಿನವನ್ನು ಎದುರುನೋಡುತ್ತ, ಭಯವನ್ನು ಮದ್ಯದಲ್ಲಿ ಮುಳುಗಿಸುತ್ತಿದ್ದಾನೆ. ಬಿಗ್ಗರನು ಕಾರ್ಲ್ ಬಿಗೆಲೋ ಎಂಬ ಸುಳ್ಳು ಹೆಸರಿನಿಂದ ಆ ಊರಿನ ಉಪಾಧ್ಯಾಯ ಶಿಕ್ಷಣ ಕಾಲೇಜಿಗೆ ವಿದ್ಯಾರ್ಥಿಯಾಗಿ ಸೇರಿ, ವಿನ್‌ರಾಯನ ಮನೆಯಲ್ಲಿಯೇ ಕೋಣೆ ಹಿಡಿಯುತ್ತಾನೆ. ಆ ಮನೆಯಲ್ಲಿ ವಿನ್‌ರಾಯನ ಹೆಂಡತಿ ಫೇ, ಬೇಕರಿಯ ಮೇಲ್ವಿಚಾರಕ ಕೆಂಡಲ್ ಎಂಬ ವೃದ್ಧ, ಒಂದು ಕಾಲು ಊನವಾದ, ಊರುಗೋಲಿನ ಮೇಲೆ ನಡೆಯುವ ರೂತ್ ಎಂಬ ತರುಣಿ ಇದ್ದಾರೆ. ತನ್ನನ್ನು ಕಾಯಲು ‘ಆ ಮನುಷ್ಯ’ ಇವರಲ್ಲಿ ಯಾರನ್ನು ನೇಮಿಸಿರಬಹುದು ಎಂಬ ಶಂಕೆ ಬಿಗ್ಗರನನ್ನು ಬಿಡುವುದಿಲ್ಲ. ಮರುಕ ತೋರಿದವರೆಲ್ಲ ಅವನಿಗೆ ಬೇಹುಗಾರರಂತೆ ಕಾಣುತ್ತಾರೆ.

ಅಂತ್ಯದಲ್ಲಿ ಬಿಗ್ಗರನು ರೂತಳೊಡನೆ ವರ್ಮಾಂಟಿನ ಒಂದು ನಿರ್ಜನ ತೋಟದ ಮನೆಗೆ ತಲೆಮರೆಸಿಕೊಂಡು ಹೋಗುತ್ತಾನೆ. ಅಲ್ಲಿಂದ ಕಥನ ಒಡೆಯತೊಡಗುತ್ತದೆ. ಅಧ್ಯಾಯಗಳು ಒಂದು ಪುಟಕ್ಕೆ, ಅರ್ಧ ಪುಟಕ್ಕೆ, ಕೆಲವು ವಾಕ್ಯಗಳಿಗೆ ಇಳಿಯುತ್ತವೆ. ರೂತಳು ಕೊಡಲಿಯಿಂದ ಅವನನ್ನು ಕಡಿಯುತ್ತಾಳೆ. ತುಂಡಾದ ದೇಹವನ್ನು ಎಳೆದುಕೊಂಡು ಅವನು ನೆಲಮಾಳಿಗೆಗೆ ಸರಿಯುತ್ತಾನೆ. ಕಥೆ ಹೇಳುವವನು ಸಾಯುತ್ತಿರುವುದರಿಂದ ಕಥೆಯೂ ಚೂರುಚೂರಾಗುತ್ತದೆ. ಇದನ್ನು ಅಗ್ಗದ ಕಾದಂಬರಿಯ ಭೀಭತ್ಸವೆಂದು ತಳ್ಳಿಹಾಕುವುದು ಸುಲಭ. ಆದರೆ ತಳ್ಳಿಹಾಕುವ ಮೊದಲು, ಈ ಕಥೆ ಹುಟ್ಟಿದ ಕಾಲವನ್ನು ನೋಡಬೇಕು.

೩

ನ್ಯಾಯಶಾಸ್ತ್ರದಲ್ಲಿ ಒಂದು ಹಳೆಯ ನಿಯಮವುಂಟು. ಅಪರಾಧದಲ್ಲಿ ಸ್ವತಃ ಪಾಲುಗೊಂಡವನು ತನ್ನ ಜೊತೆಗಾರರ ಮೇಲೆ ನುಡಿಯುವ ಸಾಕ್ಷ್ಯವನ್ನು ಒಂಟಿಯಾಗಿ ನಂಬಬಾರದು. ಬೇರೆ ಆಧಾರಗಳಿಂದ ಅದಕ್ಕೆ ಪುಷ್ಟಿ ದೊರೆಯಬೇಕು. ನ್ಯೂಯಾರ್ಕ್ ರಾಜ್ಯದ ಕಾನೂನು ಇದನ್ನು ಕಡ್ಡಾಯ ಮಾಡಿತ್ತು. ನಮ್ಮ ದೇಶದಲ್ಲಿ ೧೮೭೨ರ ಸಾಕ್ಷ್ಯ ಶಾಸನವೂ ಇಂಥ ಮಾಫಿಸಾಕ್ಷಿಯನ್ನು ಸಂಶಯದಿಂದಲೇ ನೋಡುತ್ತಿತ್ತು. ಅದರ ಸ್ಥಾನದಲ್ಲಿ ೨೦೨೪ರ ಜುಲೈ ತಿಂಗಳಿಂದ ಜಾರಿಗೆ ಬಂದಿರುವ ಹೊಸ ಶಾಸನವೂ ಪುಷ್ಟಿ ದೊರೆತ ಸಾಕ್ಷ್ಯದ ಮಾತನ್ನೇ ಆಡುತ್ತದೆ. ಇತಿಹಾಸಕಾರನು ಇಂಥ ಕಾದಂಬರಿಯನ್ನು ಮಾಫಿಸಾಕ್ಷಿಯಂತೆಯೇ ನಡೆಸಿಕೊಳ್ಳಬೇಕೆಂಬುದು ನನ್ನ ಸೂಚನೆ. ಅದನ್ನು ಹೊರಗೆ ಅಟ್ಟುವುದೂ ಬೇಡ, ಕಣ್ಣುಮುಚ್ಚಿ ನಂಬುವುದೂ ಬೇಡ. ಅದು ಹೇಳುವ ಒಂದೊಂದು ಮಾತಿಗೂ ಹೊರಗಿನ ಪುಷ್ಟಿ ಇದೆಯೇ ಎಂದು ಕೇಳೋಣ.

ಮೊದಲನೆಯದು, ಜೂಜಿನ ವ್ಯವಹಾರಕ್ಕೂ ಅಧಿಕಾರಕ್ಕೂ ಇದ್ದ ನಂಟು. ೧೯೫೦ರ ಮೇ ತಿಂಗಳಲ್ಲಿ ಅಮೆರಿಕದ ಸೆನೆಟ್ ಸಭೆಯು ಟೆನೆಸಿಯ ಸದಸ್ಯ ಎಸ್ಟಿಸ್ ಕೀಫಾವರನ ಅಧ್ಯಕ್ಷತೆಯಲ್ಲಿ ಸಂಘಟಿತ ಅಪರಾಧದ ಬಗ್ಗೆ ಒಂದು ವಿಶೇಷ ಸಮಿತಿಯನ್ನು ನೇಮಿಸಿತು. ಹದಿನಾಲ್ಕು ನಗರಗಳಲ್ಲಿ ಸಂಚರಿಸಿ ಆರುನೂರಕ್ಕೂ ಹೆಚ್ಚು ಮಂದಿಯನ್ನು ಅದು ವಿಚಾರಿಸಿತು. ೧೯೫೧ರ ಮಾರ್ಚಿಯಲ್ಲಿ ನ್ಯೂಯಾರ್ಕಿನಲ್ಲಿ ನಡೆದ ವಿಚಾರಣೆಯನ್ನು ದೂರದರ್ಶನದಲ್ಲಿ ಕೋಟ್ಯಂತರ ಜನ ನೋಡಿದರು. ಫ್ರಾಂಕ್ ಕಾಸ್ಟೆಲೊ ಎಂಬ ಜೂಜುಕೂಟದ ಮುಖಂಡನು ತನ್ನ ಮುಖವನ್ನು ತೋರಿಸಬಾರದೆಂದು ಆಕ್ಷೇಪಿಸಿದ್ದರಿಂದ, ಅವನ ಕೈಗಳನ್ನು ಮಾತ್ರ ತೋರಿಸಲಾಯಿತು. ಆ ಚಡಪಡಿಸುವ ಕೈಗಳೇ ಒಂದು ಸಾಕ್ಷ್ಯವಾದುವು. ಕುದುರೆ ಜೂಜಿನ ಸುದ್ದಿಯನ್ನು ತಂತಿಯ ಮೂಲಕ ದೇಶಕ್ಕೆಲ್ಲ ಹಂಚುವ ವ್ಯವಸ್ಥೆ, ಅದರ ಹಿಂದಿನ ಲಂಚ, ಲಂಚದ ಹಿಂದಿನ ರಾಜಕೀಯ — ಇವೆಲ್ಲ ಈ ಸಮಿತಿಯ ಮುಂದೆ ಬಂದುವು.

ಇದೇ ಕಾಲದಲ್ಲಿ ಬ್ರೂಕ್ಲಿನ್ನಿನಲ್ಲಿ ಹ್ಯಾರಿ ಗ್ರಾಸ್ ಎಂಬ ಜೂಜುಗಾರನ ಮೊಕದ್ದಮೆ ನಡೆಯಿತು. ಅವನು ನಗರದ ಪೋಲೀಸರಿಗೆ ಕೊಡುತ್ತಿದ್ದ ಲಂಚ ವರ್ಷಕ್ಕೆ ಸುಮಾರು ಹತ್ತು ಲಕ್ಷ ಡಾಲರೆಂದು ಆಗ ಲೆಕ್ಕಹಾಕಲಾಗಿತ್ತು. ೧೯೫೧ರ ಸೆಪ್ಟೆಂಬರಿನಲ್ಲಿ ಪೋಲೀಸರ ವಿರುದ್ಧ ಸಾಕ್ಷ್ಯ ನುಡಿಯಬೇಕಾಗಿದ್ದ ಗ್ರಾಸನು ಕಟಕಟೆಯಲ್ಲಿ ಬಾಯಿ ಬಿಡಲು ನಿರಾಕರಿಸಿದನು. ಸಾಕ್ಷಿಯಿಲ್ಲದೆ ಆ ಮೊಕದ್ದಮೆ ಬಿದ್ದುಹೋಯಿತು. ಲಂಚ ಹಂಚುವವನ ಬಾಯಿಯ ಮೇಲೆ ಒಂದು ನಗರದ ಆಡಳಿತವೇ ನಿಂತಿರಬಹುದೆಂಬುದು ಅಂದಿನ ಪತ್ರಿಕೆ ಓದುವವರಿಗೆಲ್ಲ ತಿಳಿದ ವಿಷಯವಾಗಿತ್ತು. ವಿನ್‌ರಾಯನ ಪಾತ್ರವನ್ನು ಥಾಂಪ್ಸನ್ನನು ಗ್ರಾಸನಿಂದಲೇ ರೂಪಿಸಿದನೆಂದು ನಾನು ಹೇಳುತ್ತಿಲ್ಲ. ಅಂಥ ಮನುಷ್ಯ ಅಂದು ನಂಬಲು ತಕ್ಕ ಪಾತ್ರವಾಗಿದ್ದನು ಎಂಬುದಷ್ಟೇ ಇಲ್ಲಿ ಸಿದ್ಧವಾಗುವ ಸಂಗತಿ.

ಎರಡನೆಯದು, ಸಾಕ್ಷಿಯ ಕೊಲೆ. ಇದಕ್ಕೆ ಪುಷ್ಟಿಯನ್ನು ಹಿಂದಿನ ದಶಕದಲ್ಲಿ ಹುಡುಕಬೇಕು. ೧೯೩೦ರ ದಶಕದಲ್ಲಿ ಬ್ರೂಕ್ಲಿನ್ನಿನ ಬ್ರೌನ್ಸ್‌ವಿಲ್ ಬಡಾವಣೆಯಲ್ಲಿ ಒಂದು ಮಿಠಾಯಿ ಅಂಗಡಿಯನ್ನು ಕೇಂದ್ರ ಮಾಡಿಕೊಂಡು ಕೆಲವು ದಂಡಗಾರರು ಕೂಟದ ಒಡೆಯರಿಗಾಗಿ ಕೊಲೆ ಮಾಡುತ್ತಿದ್ದರು. ಪತ್ರಿಕೆಗಳು ಇವರನ್ನು ‘ಮರ್ಡರ್ ಇನ್‌ಕಾರ್ಪೊರೇಟೆಡ್’, ಎಂದರೆ ನೋಂದಾಯಿತ ಕೊಲೆ ಕಂಪನಿ, ಎಂದು ವ್ಯಂಗ್ಯವಾಗಿ ಹೆಸರಿಸಿದುವು. ಇವರ ಕೆಲಸ ಪಡೆಯುತ್ತಿದ್ದವರಲ್ಲಿ ಲೆಪ್ಕೆ ಎಂದು ಪ್ರಸಿದ್ಧನಾದ ಲೂಯಿ ಬುಕಾಲ್ಟರ್ ಒಬ್ಬನು. ಉಡುಪು ಉದ್ಯಮದ ಸಾಗಾಣಿಕೆಯಿಂದ ಇವನ ಕೂಟ ಹೊರದೂಡಿದ ಜೋಸೆಫ್ ರೋಸನ್ ಎಂಬ ಲಾರಿ ವ್ಯಾಪಾರಿ ಕೊನೆಗೆ ಒಂದು ಸಣ್ಣ ಮಿಠಾಯಿ ಅಂಗಡಿ ಇಟ್ಟುಕೊಂಡು ಬಾಳುತ್ತಿದ್ದನು. ಸರ್ಕಾರದ ವಿಶೇಷ ಅಭಿಯೋಜಕನ ಮುಂದೆ ಅವನು ಬಾಯಿಬಿಟ್ಟಾನೆಂಬ ಭಯದಿಂದ ೧೯೩೬ರ ಸೆಪ್ಟೆಂಬರಿನಲ್ಲಿ ಅವನನ್ನು ಕೊಲ್ಲಿಸಲಾಯಿತು. ಈ ಕೊಲೆಗಾಗಿಯೇ ಲೆಪ್ಕೆ ೧೯೪೪ರ ಮಾರ್ಚ್ ೪ರಂದು ವಿದ್ಯುತ್ ಕುರ್ಚಿಯಲ್ಲಿ ಸತ್ತನು.

ಈ ದಂಡಗಾರರ ವಿಷಯ ಬೆಳಕಿಗೆ ಬಂದುದು ಅವರಲ್ಲೊಬ್ಬನಾದ ಏಬ್ ರೆಲಿಸ್ ಎಂಬುವನು ೧೯೪೦ರಲ್ಲಿ ಬಂಧಿತನಾಗಿ ಸರ್ಕಾರದ ಪಕ್ಷಕ್ಕೆ ತಿರುಗಿದುದರಿಂದ. ತಾನು ಮಾಡಿದ, ಮಾಡಿಸಿದ, ಕಂಡ ಕೊಲೆಗಳನ್ನು ಅವನು ದಿನಗಟ್ಟಲೆ ಹೇಳಿ ಬರೆಯಿಸಿದನು. ಅವನ ಸಾಕ್ಷ್ಯದ ಬಲದಿಂದ ಮಯೋನ್, ಅಬಾಂಡಂಡೊ, ಸ್ಟ್ರಾಸ್, ಗೋಲ್ಡ್‌ಸ್ಟೀನ್ ಎಂಬ ಅವನ ನಾಲ್ವರು ಒಡನಾಡಿಗಳಿಗೆ ಮರಣದಂಡನೆಯಾಯಿತು. ರೆಲಿಸನನ್ನು ಕೋನಿ ಐಲೆಂಡಿನ ಹಾಫ್ ಮೂನ್ ಹೋಟೆಲಿನ ಆರನೆಯ ಅಂತಸ್ತಿನಲ್ಲಿ ಹಗಲಿರುಳು ಪೋಲೀಸ್ ಕಾವಲಿನಲ್ಲಿ ಇಡಲಾಗಿತ್ತು. ಲೆಪ್ಕೆಯ ವಿಚಾರಣೆ ನಡೆಯುತ್ತಿದ್ದಾಗಲೇ, ೧೯೪೧ರ ನವೆಂಬರ್ ೧೨ರ ಬೆಳಗ್ಗೆ, ಅವನ ಶವ ಕಿಟಕಿಯ ಕೆಳಗೆ ಬಿದ್ದಿದ್ದುದು ಕಂಡಿತು. ಗಂಟುಹಾಕಿದ ಹಾಸುಬಟ್ಟೆಗಳೂ ಅಲ್ಲಿದ್ದುವು. ತಪ್ಪಿಸಿಕೊಳ್ಳಲು ಇಳಿಯುತ್ತಿದ್ದಾಗ ಬಿದ್ದು ಸತ್ತನೆಂದು ೧೯೫೧ರಲ್ಲಿ ಒಂದು ಮಹಾಪಂಚಾಯಿತಿ ನಿರ್ಣಯಿಸಿತು. ಆದರೆ ಅವನನ್ನು ತಳ್ಳಲಾಯಿತೆಂಬ ಸಂಶಯ ಇಂದಿಗೂ ಅಳಿದಿಲ್ಲ. ಅಂದು ಬ್ರೂಕ್ಲಿನ್ನಿನ ಅಭಿಯೋಜಕನಾಗಿದ್ದು ಮುಂದೆ ನ್ಯೂಯಾರ್ಕಿನ ಮೇಯರನೂ ಆದ ವಿಲಿಯಂ ಓಡ್ವೈಯರನು, ಕೀಫಾವರ್ ಸಮಿತಿಯ ಮುಂದೆ ಈ ಸಾವಿನ ವಿಷಯದಲ್ಲಿಯೂ ಉತ್ತರ ಹೇಳಬೇಕಾಯಿತು.

ಆದುದರಿಂದ ೧೯೫೩ರಲ್ಲಿ ಈ ಕಾದಂಬರಿಯನ್ನು ಕೊಂಡ ಓದುಗನಿಗೆ, ಸರ್ಕಾರದ ಸಾಕ್ಷಿಯೊಬ್ಬನು ವಿಚಾರಣೆಗೆ ಮುಂಚೆ ಸಾಯುವನೆಂಬುದು ಕವಿಕಲ್ಪನೆಯಾಗಿ ತೋರಿರಲಾರದು. ಅದು ಎರಡು ವರ್ಷಗಳ ಹಿಂದೆ ಮತ್ತೆ ಪತ್ರಿಕೆಗಳಲ್ಲಿ ಚರ್ಚೆಗೆ ಬಂದಿದ್ದ ಸಂಗತಿ.

೪

ಈಗ ಮೂಲಪ್ರಶ್ನೆಗೆ ಬರೋಣ. ದಂಡಗಾರನು ಏಕೆ ‘ಮಾಜಿ’ ಆಗಲಾರನು?

ಸಾಮಾನ್ಯವಾಗಿ ಇದಕ್ಕೆ ಕೊಡುವ ಉತ್ತರ, ಕೂಟದ ಪ್ರತಿಜ್ಞೆ, ರಕ್ತದ ಆಣೆ, ಮೌನದ ವ್ರತ ಎಂಬುದು. ಜನಪ್ರಿಯ ಕಥೆಗಳಲ್ಲಿ ಇದಕ್ಕೆ ಹೆಚ್ಚಿನ ಪ್ರಾಶಸ್ತ್ಯವಿದೆ. ಥಾಂಪ್ಸನ್ನನ ಕಾದಂಬರಿಯಲ್ಲಿ ಆಣೆಯ ಮಾತೇ ಮುಖ್ಯವಲ್ಲ. ಬಿಗ್ಗರನನ್ನು ಕಟ್ಟಿಹಾಕಿರುವುದು ಅವನು ಹಿಂದೆ ಮಾಡಿದ ಕೆಲಸಗಳ ತಿಳಿವಳಿಕೆ. ಆ ತಿಳಿವಳಿಕೆ ಅವನಲ್ಲಿಯೂ ಇದೆ, ‘ಆ ಮನುಷ್ಯ’ನಲ್ಲಿಯೂ ಇದೆ. ಕೂಟಕ್ಕೆ ಅವನು ಬದುಕಿರುವಷ್ಟು ಕಾಲ ಒಂದು ಅಪಾಯ. ಕಾನೂನಿಗೆ ಅವನು ಬದುಕಿರುವಷ್ಟು ಕಾಲ ಒಂದು ಬೇಟೆ. ಎರಡೂ ಕಡೆಯವರಿಗೆ ಬೇಕಾದುದು ಅವನ ತಲೆಯೊಳಗಿರುವ ಅದೇ ಸಂಗತಿಗಳು. ಕೂಟ ಅವನ್ನು ಮುಚ್ಚಬೇಕೆನ್ನುತ್ತದೆ. ಸರ್ಕಾರ ಅವನ್ನು ತೆರೆಯಬೇಕೆನ್ನುತ್ತದೆ. ಮಧ್ಯದಲ್ಲಿ ಸುಮ್ಮನೆ ಬದುಕಲು ಅವನಿಗೆ ಸ್ಥಳವೇ ಇಲ್ಲ.

ವಿನ್‌ರಾಯನ ಸ್ಥಿತಿಯೂ ಇದೇ. ಕೊಲ್ಲಬಂದವನೂ ಸಾಯಬೇಕಾದವನೂ ಒಂದೇ ಮನೆಯ ಎರಡು ಕೋಣೆಗಳಲ್ಲಿ ಮಲಗುತ್ತಾರೆ. ಇಬ್ಬರೂ ಒಂದೇ ಒಡೆಯನ ಹಳೆಯ ಆಳುಗಳು. ಇಬ್ಬರೂ ರೋಗಿಗಳು, ಒಬ್ಬನು ಶ್ವಾಸಕೋಶದಿಂದ, ಇನ್ನೊಬ್ಬನು ಮದ್ಯದಿಂದ. ವಿನ್‌ರಾಯನು ಬದುಕಿದರೆ ಬಿಗ್ಗರನಿಗೆ ಉಳಿಗಾಲವಿಲ್ಲ. ಬಿಗ್ಗರನು ಗೆದ್ದರೂ ಅವನ ತಿಳಿವಳಿಕೆಗೆ ಮತ್ತೊಂದು ಕೊಲೆ ಸೇರುತ್ತದೆ, ಎಂದರೆ ಅವನ ಹಗ್ಗ ಇನ್ನೂ ಒಂದು ಸುತ್ತು ಬಿಗಿಯಾಗುತ್ತದೆ. ಕೆಲಸ ಮಾಡಿದಷ್ಟೂ ಬಿಡುಗಡೆ ದೂರವಾಗುವ ಈ ವಿಚಿತ್ರ ಉದ್ಯೋಗದ ತರ್ಕವನ್ನು ಕಾದಂಬರಿಯು ಉಪದೇಶವಿಲ್ಲದೆ, ಕಥೆಯ ನಡೆಯಿಂದಲೇ ಕಾಣಿಸುತ್ತದೆ.

ನ್ಯಾಯಾಲಯದ ದಾಖಲೆಗಳಲ್ಲಿ ನಮಗೆ ದೊರೆಯದಿರುವುದು ಇದು. ರೆಲಿಸನು ಹೇಳಿದುದನ್ನು ಅಭಿಯೋಜಕರು ಬರೆದುಕೊಂಡರು. ಆದರೆ ಅವರು ಕೇಳಿದ ಪ್ರಶ್ನೆಗಳು ಯಾರು, ಎಲ್ಲಿ, ಎಂದು, ಯಾವ ಆಯುಧದಿಂದ ಎಂಬುವು. ಮೊಕದ್ದಮೆಗೆ ಬೇಕಾದುವು ಅಷ್ಟೇ. ಕಾವಲಿನ ಕೋಣೆಯಲ್ಲಿ ಒಂದೂವರೆ ವರ್ಷ ಕುಳಿತಿದ್ದಾಗ ಬಾಗಿಲ ಬಳಿಯ ಹೆಜ್ಜೆಯ ಸದ್ದು ಅವನಿಗೆ ಹೇಗೆ ಕೇಳಿಸಿರಬಹುದೆಂದು ಯಾರೂ ಕೇಳಲಿಲ್ಲ. ಕೇಳಲು ಕಾರಣವೂ ಇರಲಿಲ್ಲ. ಕಾದಂಬರಿಕಾರನು ಕೇಳುವುದು ಅದನ್ನೇ.

ಈ ಭಯ ಕಾದಂಬರಿಕಾರನ ಉತ್ಪ್ರೇಕ್ಷೆಯಲ್ಲವೆಂಬುದಕ್ಕೆ ಆಮೇಲಿನ ಒಂದು ಘಟನೆ ಬಲವಾದ ಪುಷ್ಟಿಯನ್ನು ಕೊಡುತ್ತದೆ. ಜೋಸೆಫ್ ವಲಾಚಿ ಎಂಬುವನು ನ್ಯೂಯಾರ್ಕಿನ ಕೂಟವೊಂದರ ಹಳೆಯ ಆಳು. ಮಾದಕವಸ್ತುಗಳ ಅಪರಾಧಕ್ಕಾಗಿ ಅಟ್ಲಾಂಟಾದ ಸೆರೆಮನೆಯಲ್ಲಿದ್ದಾಗ, ತನ್ನನ್ನು ಕೊಲ್ಲಲು ಒಡೆಯನಿಂದ ಆಜ್ಞೆಯಾಗಿದೆಯೆಂದು ಅವನು ನಂಬಿದನು. ೧೯೬೨ರ ಜೂನ್ ತಿಂಗಳಲ್ಲಿ, ತನ್ನ ಕಡೆಗೆ ಬಂದ ಒಬ್ಬ ಸಹಬಂದಿಯನ್ನು ಆ ಕೊಲೆಗಾರನೆಂದು ಭಾವಿಸಿ ಕಬ್ಬಿಣದ ಕೊಳವೆಯಿಂದ ಹೊಡೆದು ಕೊಂದನು. ಸತ್ತವನು ಈ ವ್ಯವಹಾರಕ್ಕೆ ಸಂಬಂಧವೇ ಇಲ್ಲದ ಬೇರೊಬ್ಬ ಮನುಷ್ಯ. ಆನಂತರವೇ ವಲಾಚಿ ಸರ್ಕಾರದ ಪಕ್ಷಕ್ಕೆ ತಿರುಗಿ, ೧೯೬೩ರಲ್ಲಿ ಸೆನೆಟಿನ ಉಪಸಮಿತಿಯ ಮುಂದೆ ದೇಶಕ್ಕೆ ದೇಶವೇ ನೋಡುತ್ತಿರುವಂತೆ ಸಾಕ್ಷ್ಯ ನುಡಿದನು. ಹತ್ತಿರ ಬಂದವರಲ್ಲೆಲ್ಲ ಕೊಲೆಗಾರನನ್ನು ಕಾಣುವ ಬಿಗ್ಗರನ ಮನಸ್ಸಿನ ಚಿತ್ರ ೧೯೫೩ರಲ್ಲಿ ಅಚ್ಚಾಯಿತು. ಒಂಬತ್ತು ವರ್ಷಗಳ ಮೇಲೆ ಅದೇ ಮನಸ್ಸು ಸೆರೆಮನೆಯ ಅಂಗಳದಲ್ಲಿ ಒಬ್ಬ ನಿರಪರಾಧಿಯ ಪ್ರಾಣವನ್ನು ತೆಗೆಯಿತು.

ರೆಲಿಸನ, ಗ್ರಾಸನ ಕಾಲದಲ್ಲಿ ಕೂಟವನ್ನು ಬಿಟ್ಟುಬಂದವನಿಗೆ ಸರ್ಕಾರ ಕೊಡಬಹುದಾಗಿದ್ದುದು ಕಾವಲಿನ ಕೋಣೆ ಇಲ್ಲವೆ ಸೆರೆಮನೆ. ವಲಾಚಿ ೧೯೭೧ರಲ್ಲಿ ಸತ್ತುದು ಸೆರೆಮನೆಯಲ್ಲಿಯೇ. ಈ ಕೊರತೆಯನ್ನು ಅಮೆರಿಕದ ಶಾಸಕಾಂಗ ೧೯೭೦ರ ಸಂಘಟಿತ ಅಪರಾಧ ನಿಯಂತ್ರಣ ಶಾಸನದಿಂದ ತುಂಬಲು ಯತ್ನಿಸಿತು. ಅದರ ಪ್ರಕಾರ ಏರ್ಪಟ್ಟ ಸಾಕ್ಷಿರಕ್ಷಣೆಯ ಯೋಜನೆಯಲ್ಲಿ ಸಾಕ್ಷಿಗೂ ಅವನ ಕುಟುಂಬಕ್ಕೂ ಬೇರೆ ಹೆಸರು, ಬೇರೆ ಊರು, ಬೇರೆ ಕಾಗದಪತ್ರಗಳನ್ನು ಕೊಡಲಾಗುತ್ತದೆ. ೧೯೭೧ರಿಂದ ಈಚೆಗೆ ೧೯,೦೦೦ಕ್ಕೂ ಹೆಚ್ಚು ಜನ ಇದರ ಆಶ್ರಯ ಪಡೆದಿದ್ದಾರೆ. ಇಲ್ಲಿ ಗಮನಿಸತಕ್ಕ ಒಂದು ಸ್ವಾರಸ್ಯವಿದೆ. ಸರ್ಕಾರ ಕಂಡುಹಿಡಿದ ಪರಿಹಾರ, ಬಿಗ್ಗರನು ಅರಿಜೋನಾದಲ್ಲಿ ತಾನಾಗಿಯೇ ಪ್ರಯತ್ನಿಸಿ ಸೋತುದಕ್ಕಿಂತ ಬೇರೆಯಾದುದಲ್ಲ. ‘ಮಾಜಿ’ ಎನಿಸಿಕೊಳ್ಳಬೇಕಾದರೆ ಮೊದಲಿನ ಮನುಷ್ಯನೇ ಇಲ್ಲವಾಗಬೇಕು. ವ್ಯತ್ಯಾಸವೇನೆಂದರೆ, ಈ ಸಲ ಅವನ ಹಿಂದೆ ರಾಜ್ಯಶಕ್ತಿ ನಿಂತಿದೆ. ಪ್ರತಿಯಾಗಿ ಅವನು ತನ್ನ ತಿಳಿವಳಿಕೆಯನ್ನು ಬೆಲೆಯಾಗಿ ತೆತ್ತಿದ್ದಾನೆ.

೫

ಇಷ್ಟು ಹೇಳಿದ ಮೇಲೆ, ಸಾಕ್ಷಿಯ ದೌರ್ಬಲ್ಯವನ್ನೂ ಹೇಳಬೇಕಾದುದು ನ್ಯಾಯ. ಕಾದಂಬರಿಯ ‘ಆ ಮನುಷ್ಯ’ ಸರ್ವಜ್ಞನಂತೆ ತೋರುತ್ತಾನೆ. ದೂರದಲ್ಲಿ ಅಡಗಿದ್ದವನನ್ನು ಅವನು ಕಂಡುಹಿಡಿಯಬಲ್ಲನು. ಯಾವ ಮನೆಯೊಳಗೂ ತನ್ನ ಕಣ್ಣನ್ನು ಇಡಬಲ್ಲನು. ಅಂದಿನ ಪತ್ರಿಕೆಗಳೂ ಕೀಫಾವರ್ ಸಮಿತಿಯೂ ದೇಶವ್ಯಾಪಿಯಾದ, ಒಂದೇ ಮೆದುಳಿನಿಂದ ನಡೆಯುವ ಕೂಟವೊಂದಿದೆಯೆಂಬ ಅಭಿಪ್ರಾಯವನ್ನು ಬೆಳೆಸಿದುವು. ಕಾದಂಬರಿ ಪ್ರಕಟವಾದ ೧೯೫೩ರಲ್ಲಿಯೇ ಸಮಾಜಶಾಸ್ತ್ರಜ್ಞ ಡ್ಯಾನಿಯಲ್ ಬೆಲ್ ಒಂದು ಪ್ರಸಿದ್ಧ ಪ್ರಬಂಧದಲ್ಲಿ ಇದನ್ನು ಪ್ರಶ್ನಿಸಿದನು. ಸಮಿತಿಯು ಅಂಥ ಕೇಂದ್ರಸಂಸ್ಥೆಯನ್ನು ಸಾಧಿಸಿ ತೋರಿಸಿಲ್ಲವೆಂದೂ, ವಲಸೆಬಂದ ಬಡಜನರಿಗೆ ಅಪರಾಧವು ಮೇಲೇರುವ ಒಂದು ವಕ್ರ ಮೆಟ್ಟಿಲಾಗಿತ್ತೆಂದೂ ಅವನ ವಾದ. ಮುಂದೆ ೧೯೮೦ರಲ್ಲಿ ಆಲನ್ ಬ್ಲಾಕ್ ಎಂಬ ಸಂಶೋಧಕನು ನ್ಯೂಯಾರ್ಕಿನ ಹಳೆಯ ದಾಖಲೆಗಳನ್ನು ಪರಿಶೀಲಿಸಿ, ಕೂಟಗಳಲ್ಲಿ ಎರಡು ಬಗೆಯನ್ನು ಗುರುತಿಸಿದನು: ಜೂಜು ಮೊದಲಾದ ವ್ಯಾಪಾರವನ್ನು ನಡೆಸುವುವು ಕೆಲವು, ಬಲದಿಂದ ಸುಲಿಯುವುದಕ್ಕಾಗಿಯೇ ಇರುವುವು ಕೆಲವು. ಇವುಗಳ ನಡುವಣ ಸಂಬಂಧ ಸಡಿಲವಾದುದು, ಜಗಳಗಳಿಂದ ತುಂಬಿದುದು ಎಂಬುದು ಅವನ ಶೋಧನೆಯಿಂದ ತಿಳಿಯುತ್ತದೆ.

ಆದುದರಿಂದ ‘ಆ ಮನುಷ್ಯ’ನ ಸರ್ವಜ್ಞತೆಯನ್ನು ಕೂಟದ ರಚನೆಗೆ ಸಾಕ್ಷ್ಯವಾಗಿ ತೆಗೆದುಕೊಂಡರೆ ನಾವು ತಪ್ಪುತ್ತೇವೆ. ಅದು ಭಯಪಟ್ಟವನ ಮನಸ್ಸಿಗೆ ಸಾಕ್ಷ್ಯ. ಈ ಎರಡನ್ನೂ ಬೇರ್ಪಡಿಸುವುದೇ ಇಲ್ಲಿ ಇತಿಹಾಸಕಾರನ ಮುಖ್ಯ ಕೆಲಸ. ಕೂಟಕ್ಕೆ ಸಾವಿರ ಕಣ್ಣುಗಳಿರಬೇಕಾಗಿಲ್ಲ. ಆಳುಗಳು ಹಾಗೆಂದು ನಂಬಿದರೆ ಸಾಕು, ಆಡಳಿತ ಅಗ್ಗವಾಗಿ ನಡೆಯುತ್ತದೆ. ರೆಲಿಸನನ್ನು ಯಾರಾದರೂ ತಳ್ಳಿದರೋ, ಅವನೇ ಬಿದ್ದನೋ — ಹೇಗಾದರೂ ಅವನ ಸಾವಿನಿಂದ ಬೇರೆ ಸಾಕ್ಷಿಗಳು ಕಲಿತ ಪಾಠ ಒಂದೇ.

ಲೇಖಕನ ವಿಷಯವಾಗಿ ಎರಡು ಮಾತು. ಜಿಮ್ ಥಾಂಪ್ಸನ್ ೧೯೦೬ರಲ್ಲಿ ಒಕ್ಲಹೋಮದ ಅನಡಾರ್ಕೊ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ಆ ಪ್ರಾಂತದ ಷರೀಫನಾಗಿದ್ದು, ಸರ್ಕಾರದ ಹಣ ದುರುಪಯೋಗಪಡಿಸಿದನೆಂಬ ಆಪಾದನೆಯಿಂದ ಊರು ಬಿಟ್ಟವನು. ಮದ್ಯನಿಷೇಧದ ಕಾಲದಲ್ಲಿ ಮಗನು ಟೆಕ್ಸಾಸಿನ ಫೋರ್ಟ್‌ವರ್ತ್ ನಗರದ ಒಂದು ದೊಡ್ಡ ಹೋಟೆಲಿನಲ್ಲಿ ರಾತ್ರಿಯ ಆಳಾಗಿ ದುಡಿದು, ಅತಿಥಿಗಳಿಗೆ ಕಳ್ಳಸಾರಾಯಿ ಒದಗಿಸುತ್ತಿದ್ದನು. ಮುಂದೆ ೧೯೩೮ರಿಂದ ಒಕ್ಲಹೋಮದ ಸರ್ಕಾರಿ ಲೇಖಕರ ಯೋಜನೆಗೆ ನಿರ್ದೇಶಕನೂ ಆಗಿದ್ದನು. ಅಪರಾಧದ ಅಂಚನ್ನೂ ಸರ್ಕಾರದ ಅಂಚನ್ನೂ ಹತ್ತಿರದಿಂದ ಕಂಡವನೆಂಬುದು ಇದರಿಂದ ಸ್ಪಷ್ಟ. ನ್ಯಾಯಾಲಯದ ಮಾತಿನಲ್ಲಿ ಹೇಳುವುದಾದರೆ, ಅವನು ದೂರದ ಸಾಕ್ಷಿಯಲ್ಲ. ಆದರೆ ಪ್ರತ್ಯಕ್ಷ ಸಾಕ್ಷಿಯೂ ಅಲ್ಲ.

ಅವನ ಕೃತಿಗಳ ಗತಿಯೂ ಇತಿಹಾಸಕ್ಕೆ ಸೇರಿದುದೇ. ಅಗ್ಗದ ಪುಸ್ತಕಗಳ ನೀತಿಯನ್ನು ತನಿಖೆ ಮಾಡಲು ೧೯೫೨ರಲ್ಲಿ ಅಮೆರಿಕದ ಪ್ರತಿನಿಧಿ ಸಭೆ ಒಂದು ಸಮಿತಿಯನ್ನು ನೇಮಿಸಿತ್ತು. ಅಂದು ಇಂಥ ಪುಸ್ತಕಗಳನ್ನು ಗ್ರಂಥಭಂಡಾರಗಳು ಕೂಡಿಡುವ ಪ್ರಶ್ನೆಯೇ ಇರಲಿಲ್ಲ. ೧೯೭೭ರಲ್ಲಿ ಥಾಂಪ್ಸನ್ನನು ಸತ್ತಾಗ ಅವನ ದೇಶದಲ್ಲಿ ಅವನ ಪುಸ್ತಕಗಳು ಅಂಗಡಿಯಲ್ಲಿ ಸಿಕ್ಕುತ್ತಿರಲಿಲ್ಲ. ಅವನನ್ನು ಉಳಿಸಿಕೊಂಡವರು ಫ್ರೆಂಚರು. ಪ್ಯಾರಿಸಿನ ಗಾಲಿಮಾರ್ ಸಂಸ್ಥೆ ೧೯೪೫ರಲ್ಲಿ ಪ್ರಾರಂಭಿಸಿದ ‘ಸೆರೀ ನ್ವಾರ್’ ಮಾಲೆಯ ಸಾವಿರನೆಯ ಪುಸ್ತಕವಾಗಿ ೧೯೬೬ರಲ್ಲಿ ಪ್ರಕಟವಾದುದು ಇವನದೇ ಒಂದು ಕಾದಂಬರಿಯ ಅನುವಾದ. ೧೯೮೦ರ ದಶಕದಲ್ಲಿ ಮಾತ್ರ ಅವನ ಕೃತಿಗಳು ಅಮೆರಿಕದಲ್ಲಿ ಮತ್ತೆ ಅಚ್ಚಾದುವು. ಒಂದು ಕಾಲದ ಜನ ಏನನ್ನು ಓದುತ್ತಿದ್ದರೋ ಅದನ್ನೇ ಆ ಕಾಲದ ಸಂಸ್ಥೆಗಳು ಕಾಪಾಡುವುದಿಲ್ಲವೆಂಬುದನ್ನು ಇದು ನಮಗೆ ನೆನಪಿಗೆ ತರಬೇಕು.

೬

ಉಪಸಂಹಾರವಾಗಿ ಮೂರು ಅಂಶಗಳನ್ನು ಹೇಳಬಹುದು. ಒಂದು, ಪಾತಕ ಕಾದಂಬರಿಯಿಂದ ಘಟನೆಗಳನ್ನು ಕಲಿಯಲು ಹೋಗಬಾರದು. ಅವಕ್ಕೆ ನ್ಯಾಯಾಲಯದ ದಾಖಲೆಗಳೂ ಸಮಿತಿಗಳ ವರದಿಗಳೂ ಇವೆ. ಎರಡು, ದಾಖಲೆಗಳು ಕೇಳದ ಪ್ರಶ್ನೆಗಳಿಗೆ ಕಾದಂಬರಿ ಉತ್ತರ ಕೊಡಬಲ್ಲದು. ಆದರೆ ಆ ಉತ್ತರಕ್ಕೆ ಬೇರೆ ಕಡೆಯಿಂದ ಪುಷ್ಟಿ ದೊರೆತಾಗ ಮಾತ್ರ ಅದನ್ನು ಅಂಗೀಕರಿಸಬೇಕು. ಮೂರು, ಕೂಟವನ್ನು ಬಿಡಲಾರದ ದಂಡಗಾರನ ಸ್ಥಿತಿ ಅವನ ಸ್ವಭಾವದಿಂದ ಮಾತ್ರ ಬಂದುದಲ್ಲ. ಬಿಟ್ಟುಬಂದವನನ್ನು ಏನು ಮಾಡಬೇಕೆಂಬುದಕ್ಕೆ ಅಂದಿನ ಸಮಾಜದಲ್ಲಿ ವ್ಯವಸ್ಥೆ ಇರಲಿಲ್ಲ. ಹದಿನೇಳು ವರ್ಷಗಳ ಮೇಲೆ ಬಂದ ಶಾಸನ ಆ ಕೊರತೆಯನ್ನು ಒಪ್ಪಿಕೊಂಡಿತು.

ಬಿಗ್ಗರನ ಮೇಲೆ ಮರುಕ ಪಡಬೇಕೆಂದು ಇದರ ಅರ್ಥವಲ್ಲ. ಅವನು ಕೊಲೆಗಾರ, ಅವನು ಕೊಂದವರಿಗೆ ಕಾದಂಬರಿಯಲ್ಲಿ ಮಾತಿಲ್ಲ. ಇದು ಈ ಬಗೆಯ ಕೃತಿಗಳಲ್ಲೆಲ್ಲ ಇರುವ ದೊಡ್ಡ ಕೊರತೆ. ಕೊಲ್ಲುವವನ ಒಳಮನಸ್ಸನ್ನು ಇಷ್ಟು ವಿವರವಾಗಿ ತೋರಿಸುವ ಕಥೆ, ಮಿಠಾಯಿ ಅಂಗಡಿಯಲ್ಲಿ ಸತ್ತುಬಿದ್ದ ರೋಸನನಂಥವನ ಒಳಮನಸ್ಸಿನ ಕಡೆಗೆ ತಿರುಗುವುದು ಅಪರೂಪ. ರೋಸನನ ವಿಷಯದಲ್ಲಿ ಮಾತ್ರ ನ್ಯಾಯಾಲಯದ ದಾಖಲೆ ಕಾದಂಬರಿಗಿಂತ ಹೆಚ್ಚಿನ ದಯೆಯನ್ನು ತೋರುತ್ತದೆ: ಅದರಲ್ಲಿ ಅವನ ಹೆಸರಿದೆ, ಅವನ ವೃತ್ತಿಯಿದೆ, ಅವನು ಏಕೆ ಸತ್ತನೆಂಬ ಕಾರಣವಿದೆ. ವಿದ್ಯಾರ್ಥಿಗಳು ಇಂಥ ಕಾದಂಬರಿಯನ್ನು ಓದುವಾಗ ಅದರ ಪಕ್ಕದಲ್ಲಿಯೇ ಆ ಕಾಲದ ವಿಚಾರಣೆಯ ವರದಿಯೊಂದನ್ನು ಇಟ್ಟುಕೊಂಡು ಓದಬೇಕೆಂದು ನಾನು ಸೂಚಿಸುವುದಕ್ಕೆ ಇದೇ ಕಾರಣ.